ಮೇಸ್ತ್ರಿ ಮಿಖೆಲ್

1506ರಲ್ಲಿ ಮಿಖೆಲ್ ಸಿಟ್ಟೋ ಎಂಬ ಚಿತ್ರಕಾರ ತಾನು ಹುಟ್ಟಿದ ಊರಿಗೆ ವಾಪಸ್ಸು ಬಂದ. ಬಾಲ್ಟಿಕ್ ಸಮುದ್ರದ ದಂಡೆಯ ಆ ಊರಿಗೆ ಆಗ ರೆವಾಲ್ ಎಂಬ ಹೆಸರು. ಈಗ ಅದು ಎಸ್ಟೋನಿಯಾದ ರಾಜಧಾನಿ ತಾಲಿನ್. ಹದಿನೈದು ಹದಿನಾರರ ಹುಡುಗನಾಗಿ ಕೆಲಸ ಕಲಿಯಲು ಹೊರಟವನು ಬರುವಾಗ ನಲವತ್ತರ ಹತ್ತಿರ ಇದ್ದ. ನಡುವಿನ ವರ್ಷಗಳಲ್ಲಿ ಅವನು ಕ್ಯಾಸ್ಟೀಲಿನ ರಾಣಿ ಇಸಬೆಲ್ಲಾಳ ಆಸ್ಥಾನ ಚಿತ್ರಕಾರನಾಗಿದ್ದ. ವರ್ಷಕ್ಕೆ 50,000 ಮರಾವೆದಿ ಸಂಬಳ. ಆ ಆಸ್ಥಾನದ ಬೇರೆ ಯಾವ ಚಿತ್ರಕಾರನಿಗೂ ಅಷ್ಟು ಸಿಗುತ್ತಿರಲಿಲ್ಲ.

ಊರಿನಲ್ಲಿ ಅವನು ಕೆಲಸ ಶುರು ಮಾಡಬೇಕಿತ್ತು. ಅದಕ್ಕೆ ಕುಶಲಕರ್ಮಿಗಳ ಗಿಲ್ಡಿನ ಒಪ್ಪಿಗೆ ಬೇಕು. ಗಿಲ್ಡ್ ಎಂದರೆ ಕಸುಬಿನವರ ಸಂಘ. ಯಾರು ಅಂಗಡಿ ಇಡಬಹುದು, ಎಷ್ಟು ಹುಡುಗರನ್ನು ಇಟ್ಟುಕೊಳ್ಳಬಹುದು ಎಂಬುದನ್ನೆಲ್ಲ ತೀರ್ಮಾನಿಸುವವರು ಅವರೇ. ಅಲ್ಲಿ ಮೂರು ಮೆಟ್ಟಿಲು: ಮೊದಲು ಕಲಿಯುವ ಹುಡುಗ, ಆಮೇಲೆ ಇನ್ನೊಬ್ಬರ ಅಂಗಡಿಯಲ್ಲಿ ಕೂಲಿಗೆ ದುಡಿಯುವವ, ಕೊನೆಗೆ ತನ್ನದೇ ಅಂಗಡಿಯ ಯಜಮಾನ. ಮೂರನೆಯ ಮೆಟ್ಟಿಲು ಹತ್ತಬೇಕಾದರೆ ಒಂದು ಪರೀಕ್ಷೆಯ ಕೆಲಸ ಮಾಡಿ ಹಿರಿಯರ ಮುಂದಿಡಬೇಕು. ರೆವಾಲ್‌ನ ಗಿಲ್ಡಿನವರು ರಾಣಿಯ ಚಿತ್ರಕಾರನನ್ನು ನೋಡಿ ಹೇಳಿದ್ದು ಇಷ್ಟೇ: ನೀನು ನಮ್ಮಲ್ಲಿ ಯಜಮಾನನಲ್ಲ, ಎರಡನೆಯ ಮೆಟ್ಟಿಲಲ್ಲಿ ನಿಲ್ಲು, ಪರೀಕ್ಷೆಯ ಕೆಲಸ ಮಾಡಿ ತೋರಿಸು.

ಅವನು ಮಾಡಿ ತೋರಿಸಿದ. 1507ರಲ್ಲಿ ಗಿಲ್ಡ್ ಅವನನ್ನು ಒಪ್ಪಿಕೊಂಡಿತು.

ನಾನು ಇತಿಹಾಸ ವಿಭಾಗದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಮಧ್ಯಯುಗದ ಬಂದರು ಪಟ್ಟಣಗಳ ಗಿಲ್ಡುಗಳು ನನ್ನ ವಿಷಯ. ಹಾಗಾಗಿ ಸಿಟ್ಟೋ ನನಗೆ ಮೊದಲು ಸಿಕ್ಕಿದ್ದು ಚಿತ್ರಕಾರನಾಗಿ ಅಲ್ಲ, ಗಿಲ್ಡಿನ ಬಾಗಿಲಲ್ಲಿ ನಿಂತ ಅರ್ಜಿದಾರನಾಗಿ. ಅವನ ಚಿತ್ರಗಳನ್ನು ನೋಡಿದ್ದು ಆಮೇಲೆ, ಅದೂ ಕಂಪ್ಯೂಟರ್ ಪರದೆಯ ಮೇಲೆ. ನೋಡಿದ ಮೇಲೆ ಅವನನ್ನು ಅಡಿಟಿಪ್ಪಣಿಯಲ್ಲಿ ಬಿಟ್ಟು ಮುಂದೆ ಹೋಗಲು ಆಗಲಿಲ್ಲ.

ವಿಯೆನ್ನಾದ ಕಲಾಸಂಗ್ರಹಾಲಯದಲ್ಲಿ ಅವನ ಒಂದು ಪುಟ್ಟ ಚಿತ್ರವಿದೆ. ಎತ್ತರ 29 ಸೆಂಟಿಮೀಟರ್, ನೋಟ್‌ಬುಕ್ಕಿನ ಒಂದು ಪುಟದಷ್ಟು. ಓಕ್ ಹಲಗೆಯ ಮೇಲೆ ಎಣ್ಣೆಬಣ್ಣ. ಕಪ್ಪು ಹಿನ್ನೆಲೆಯ ಎದುರು ಒಬ್ಬ ಹುಡುಗಿ. ಕಂದು ವೆಲ್ವೆಟ್ ಉಡುಪು, ದುಂಡು ಮುಖ, ತಗ್ಗಿದ ಕಣ್ಣು. ಉಡುಪಿನ ಅಂಚಿನಲ್ಲಿ ಚಿನ್ನದ ಚಿಪ್ಪುಗಳು, ಕೊರಳಿನ ಸರದಲ್ಲಿ ಗುಲಾಬಿ ಹೂಗಳ ಜೊತೆ ‘ಕೆ’ ಎಂಬ ಅಕ್ಷರ. ಕಣ್ಣು ಕೆಳಗಿದ್ದರೂ ಅವಳು ಅಂಜುತ್ತಿದ್ದಾಳೆ ಎನಿಸುವುದಿಲ್ಲ. ಏನನ್ನೋ ಕೇಳಿಸಿಕೊಳ್ಳುತ್ತ ತನ್ನ ಉತ್ತರವನ್ನು ತಡೆದು ಹಿಡಿದವಳಂತೆ ಇದ್ದಾಳೆ. ಗಲ್ಲದ ಕೆಳಗೆ ನೆರಳು ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದು. ತೆಳ್ಳಗಿನ ಎಣ್ಣೆಬಣ್ಣವನ್ನು ಪದರದ ಮೇಲೆ ಪದರವಾಗಿ ಹಚ್ಚಿ, ಬೆಳಕು ಒಳಗಿನಿಂದಲೇ ಬರುವಂತೆ ಕಾಣಿಸುವ ಈ ವಿದ್ಯೆ ಫ್ಲಾಂಡರ್ಸಿನದು. ಸಿಟ್ಟೋ 1484ರಲ್ಲಿ ಹೋಗಿದ್ದು ಅಲ್ಲಿಯ ಬ್ರೂಜ್ ನಗರಕ್ಕೆ. ಹ್ಯಾನ್ಸ್ ಮೆಮ್ಲಿಂಗನ ಕಾರ್ಯಶಾಲೆಯಲ್ಲಿ ಕಲಿತಿರಬೇಕು ಎಂದು ವಿದ್ವಾಂಸರು ಅವನ ಚಿತ್ರಗಳನ್ನು ನೋಡಿ ಊಹಿಸುತ್ತಾರೆ.

ಈ ಹುಡುಗಿ ಯಾರು? ಬಹುಕಾಲ ಇವಳನ್ನು ಇಸಬೆಲ್ಲಾಳ ಕಿರಿಯ ಮಗಳು ಕ್ಯಾಥರೀನ್ ಎಂದು ನಂಬಿದ್ದರು. ‘ಕೆ’ ಅವಳ ಹೆಸರಿನ ಮೊದಲ ಅಕ್ಷರ, ಗುಲಾಬಿ ಅವಳು ಸೊಸೆಯಾಗಿ ಹೋದ ಇಂಗ್ಲೆಂಡಿನ ಟ್ಯೂಡರ್ ಮನೆತನದ ಗುರುತು. ಈಚೆಗೆ ಇನ್ನೊಂದು ವಾದ ಬಂದಿದೆ: ಇವಳು ಎಂಟನೆಯ ಹೆನ್ರಿಯ ತಂಗಿ ಮೇರಿ, ‘ಕೆ’ ಎಂದರೆ ಅವಳಿಗೆ ಗೊತ್ತುಮಾಡಿದ್ದ ವರ ಕಾರ್ಲ್, ಮುಂದೆ ಚಕ್ರವರ್ತಿಯಾದ ಐದನೆಯ ಚಾರ್ಲ್ಸ್. ಆ ಮದುವೆ ನಡೆಯಲೇ ಇಲ್ಲ. ಒಂದೇ ಅಕ್ಷರ ಒಂದು ವಾದದಲ್ಲಿ ಹುಡುಗಿಯ ಹೆಸರು, ಇನ್ನೊಂದರಲ್ಲಿ ಅವಳ ಕೊರಳಿಗೆ ತೊಡಿಸಿದ ಗಂಡಿನ ಹೆಸರು. ವಾದ ಇನ್ನೂ ಮುಗಿದಿಲ್ಲ.

ಆ ಕಾಲದ ಆಸ್ಥಾನದ ಭಾವಚಿತ್ರಗಳು ಗೋಡೆಯ ಅಲಂಕಾರಕ್ಕಷ್ಟೇ ಹುಟ್ಟಿದವಲ್ಲ. ಅವಕ್ಕೆ ಊರೂರು ಸುತ್ತುವ ಕೆಲಸವಿತ್ತು. ರಾಜಕುಮಾರಿ ಒಂದು ದೇಶದಲ್ಲಿ, ಅವಳನ್ನು ಕೇಳುವ ದೊರೆ ಇನ್ನೊಂದು ದೇಶದಲ್ಲಿ. ನಡುವೆ ರಾಯಭಾರಿಯ ಪೆಟ್ಟಿಗೆಯಲ್ಲಿ ಅವಳ ಮುಖ. ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿ ಏಳನೆಯ ಹೆನ್ರಿಯ ಒಂದು ಭಾವಚಿತ್ರವಿದೆ. 1505ರ ಅಕ್ಟೋಬರ್ 29ರಂದು ಮಾಡಿಸಿದ್ದೆಂದು ಅದರ ಮೇಲೇ ಬರೆದಿದೆ. ಹೆಂಡತಿ ತೀರಿಕೊಂಡಿದ್ದ ಹೆನ್ರಿ ಆಸ್ಟ್ರಿಯಾದ ಮಾರ್ಗರೆಟಳನ್ನು ಮದುವೆಯಾಗಲು ಬಯಸಿದ್ದ, ಚಿತ್ರ ಆ ಸಂಬಂಧಕ್ಕಾಗಿ ಬರೆಸಿದ್ದು. ತೆಳ್ಳಗಿನ ತುಟಿ, ಲೆಕ್ಕ ಹಾಕುವ ಕಣ್ಣು, ಕೈಯಲ್ಲೊಂದು ಗುಲಾಬಿ. ಮಾರ್ಗರೆಟ್ ಒಪ್ಪಲಿಲ್ಲ. ಈ ಚಿತ್ರವನ್ನೂ ಹಿಂದೆ ಸಿಟ್ಟೋನದೇ ಎನ್ನುತ್ತಿದ್ದರು. ಈಗ ಗ್ಯಾಲರಿ ಅದನ್ನು ಹೆಸರು ತಿಳಿಯದ ನೆದರ್ಲೆಂಡಿನ ಕಲಾವಿದನದು ಎನ್ನುತ್ತದೆ.

ಇದೇ ಸಂಬಂಧದ ಮಾತಿನಲ್ಲಿ ಮಾರ್ಗರೆಟಳ ಭಾವಚಿತ್ರಗಳೂ ಇಂಗ್ಲೆಂಡಿಗೆ ಬಂದವು. ಕ್ಯಾಥರೀನ್ ಆಗ ಅಲ್ಲೇ ಇದ್ದಳು. ಹದಿನೈದರಲ್ಲಿ ಹಿರಿಯ ರಾಜಕುಮಾರನ ಕೈಹಿಡಿದು, ಐದೇ ತಿಂಗಳಲ್ಲಿ ವಿಧವೆಯಾಗಿ, ಕೈಯಲ್ಲಿ ಹಣವಿಲ್ಲದೆ ತವರಿಗೆ ಪತ್ರ ಬರೆಯುತ್ತ ದಿನ ದೂಡುತ್ತಿದ್ದಳು. ಆ ಚಿತ್ರಗಳನ್ನು ನೋಡಿ ಅವಳು, ಮಿಖೆಲ್ ಆಗಿದ್ದರೆ ಇದಕ್ಕಿಂತ ಚೆನ್ನಾಗಿ ಮಾಡುತ್ತಿದ್ದ ಎಂಬರ್ಥದ ಮಾತು ಆಡಿದ್ದನ್ನು ಸ್ಪೇನಿನ ರಾಯಭಾರಿ ಬರೆದಿಟ್ಟಿದ್ದಾನೆ. ಪರದೇಶದಲ್ಲಿ ಕೂತ ಒಬ್ಬ ಹೆಣ್ಣುಮಗಳಿಗೆ ಅಮ್ಮನ ಮನೆಯ ಚಿತ್ರಕಾರ ನೆನಪಾದ. ಸಿಟ್ಟೋನ ಬಗ್ಗೆ ಉಳಿದಿರುವ ಕಾಗದಗಳಲ್ಲಿ ಬಹುಪಾಲು ಸಂಬಳ, ಆಸ್ತಿ, ವ್ಯಾಜ್ಯಕ್ಕೆ ಸಂಬಂಧಿಸಿದವು. ಅವನ ಕೆಲಸವನ್ನು ಬಲ್ಲವರೊಬ್ಬರು ಆಡಿದ ಮಾತು ಎಂದು ನಾನು ಎತ್ತಿಟ್ಟುಕೊಂಡಿರುವುದು ಇದೊಂದನ್ನೇ.

ಇಷ್ಟು ಬೇಡಿಕೆಯಿದ್ದವನ ಹೆಸರು ಬೇಗ ಮರೆಯಾಯಿತು. ಅವನ ಸಹಿಯಿರುವ ಒಂದು ಚಿತ್ರವೂ ಉಳಿದಿಲ್ಲ. ಸ್ಪೇನಿನಲ್ಲಿ ಅವನನ್ನು ‘ಜರ್ಮನಿಯವ’ ಎಂದೂ ‘ಫ್ಲಾಂಡರ್ಸಿನವ’ ಎಂದೂ ಕರೆದರು; ಅವನು ಎರಡೂ ಅಲ್ಲ. ಇಸಬೆಲ್ಲಾಳಿಗಾಗಿ ಅವನೂ ಹ್ವಾನ್ ದೆ ಫ್ಲಾಂದೆಸ್ ಎಂಬ ಇನ್ನೊಬ್ಬ ಆಸ್ಥಾನ ಚಿತ್ರಕಾರನೂ ಸೇರಿ ಕ್ರಿಸ್ತ ಮತ್ತು ಮೇರಿಯರ ಕಥೆಯ 47 ಪುಟ್ಟ ಚಿತ್ರಗಳನ್ನು ಬರೆದಿದ್ದರು. 1504ರಲ್ಲಿ ರಾಣಿ ತೀರಿಕೊಂಡ ಮೇಲೆ ಅವಳ ವಸ್ತುಗಳು ಹರಾಜಾದವು. 32 ಚಿತ್ರಗಳು ಅದೇ ಮಾರ್ಗರೆಟಳ ಕೈಸೇರಿದವು. ಅವಳು ಮುಂದೆ ನೆದರ್ಲೆಂಡಿನ ಆಡಳಿತ ವಹಿಸಿಕೊಂಡು ಮೆಖೆಲೆನ್ ನಗರದಲ್ಲಿದ್ದಳು. 1521ರಲ್ಲಿ ಜರ್ಮನಿಯ ಮಹಾ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ ಅಲ್ಲಿಗೆ ಬಂದಾಗ ಅವಳು ತನ್ನ ಸಂಗ್ರಹ ತೋರಿಸಿದಳು. ಸುಮಾರು ನಲವತ್ತು ಪುಟ್ಟ ಚಿತ್ರಗಳನ್ನು ಕಂಡೆ, ಅಷ್ಟು ಶುದ್ಧವಾದ ಒಳ್ಳೆಯ ಕೆಲಸವನ್ನು ಹಿಂದೆ ನೋಡಿರಲಿಲ್ಲ ಎಂಬರ್ಥದಲ್ಲಿ ಅವನು ದಿನಚರಿಯಲ್ಲಿ ಬರೆದುಕೊಂಡ. ಅಲ್ಲಿ ಕಂಡ ಬೇರೆ ಕೃತಿಗಳ ಕಲಾವಿದರ ಹೆಸರು ಹೇಳಿದ್ದಾನೆ. ಈ ನಲವತ್ತನ್ನು ಬರೆದವರ ಹೆಸರು ಹೇಳಿಲ್ಲ.

ಮಾರ್ಗರೆಟಳ ಅರಮನೆಯ ವಸ್ತುಗಳ ಪಟ್ಟಿ ಮಾಡಿದ ಗುಮಾಸ್ತ ಮಾತ್ರ ಎರಡು ಪುಟ್ಟ ಚಿತ್ರಗಳ ಎದುರು, ಇವು ಮಿಶಿಯೆಲ್‌ನ ಕೈಯವು ಎಂದು ಗುರುತು ಹಾಕಿಟ್ಟಿದ್ದ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನ್ ವಿದ್ವಾಂಸ ಮ್ಯಾಕ್ಸ್ ಫ್ರೀಡ್‌ಲೆಂಡರ್ ಆ ಹೆಸರನ್ನು ಹಿಡಿದು ‘ಮಾಸ್ಟರ್ ಮಿಶಿಯೆಲ್’ನ ಚಿತ್ರಗಳನ್ನು ಒಂದೆಡೆ ತಂದ. 1940ರಲ್ಲಿ ತಾಲಿನ್‌ನ ಪಾಲ್ ಯೋಹಾನ್ಸೆನ್ ಎಂಬ ಇತಿಹಾಸಕಾರ ಆ ನಗರದ ದಾಖಲೆಗಳ ಆಧಾರದಿಂದ ರಾಣಿಯ ಮಿಶಿಯೆಲನೂ ರೆವಾಲ್‌ನ ನಾಗರಿಕ ಮಿಖೆಲ್ ಸಿಟ್ಟೋನೂ ಒಬ್ಬನೇ ಎಂದು ತೋರಿಸಿಕೊಟ್ಟ. ಅದಕ್ಕೆ ನೆರವಾದದ್ದು ಅವನ ಕುಂಚದ ಗುಣವಲ್ಲ, ಊರಿನ ಮನೆಗಾಗಿ ಅವನು ಹೂಡಿದ ವ್ಯಾಜ್ಯ ಮತ್ತು ಗಿಲ್ಡಿನ ಕಡತ. ಅವನನ್ನು ಕೆಳಗಿನ ಮೆಟ್ಟಿಲಲ್ಲಿ ನಿಲ್ಲಿಸಿದ ಊರಿನ ಕಾಗದವೇ ಅವನ ಹೆಸರನ್ನು ಉಳಿಸಿತು.

ನನಗೆ ಈ ಕಥೆಯ ಮೇಲೆ ಇಷ್ಟು ಮೋಹ ಯಾಕೆ ಎಂಬುದನ್ನೂ ಹೇಳಬೇಕು. ನಮ್ಮಪ್ಪ ಬಡಗಿ. ಶಿವಮೊಗ್ಗ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ನಮ್ಮ ಮನೆಗೆ ಅಂಟಿಕೊಂಡೇ ಅವರ ಕೆಲಸದ ಕೊಟ್ಟಿಗೆ ಇದೆ. ಊರಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಕಡಿಮೆ, ಎಲ್ಲರಿಗೂ ‘ಮೇಸ್ತ್ರಿ’. ಈ ಮಾತು ನಮಗೆ ಬಂದದ್ದು ಪೋರ್ಚುಗೀಸರ ‘ಮೆಸ್ತ್ರೆ’ಯಿಂದ. ಅದರ ಬೇರು ಲ್ಯಾಟಿನ್. ಅದೇ ಬೇರಿನಿಂದ ಇಂಗ್ಲಿಷಿನ ಮಾಸ್ಟರ್, ಜರ್ಮನ್ನಿನ ಮೈಸ್ಟರ್. ಸಿಟ್ಟೋನಿಗೆ ಗಿಲ್ಡಿನವರು ಕೊಡದೆ ಹಿಡಿದಿಟ್ಟಿದ್ದ ಪದವಿ ಇದೇ: ಮೇಸ್ತ್ರಿ.

ಏಳು ವರ್ಷದಿಂದ ನಾನು ಹೊರಗೆ ಓದುತ್ತಿದ್ದೇನೆ. ರಜೆಯಲ್ಲಿ ಊರಿಗೆ ಹೋದರೆ ಕೇಳುವ ಪ್ರಶ್ನೆ ಒಂದೇ, “ಇನ್ನೂ ಓದೋದು ಮುಗಿಲಿಲ್ಲನೇ?” ಸೆಮಿನಾರಿನಲ್ಲಿ ಓದಿದ ಪ್ರಬಂಧ, ಅಚ್ಚಾದ ಲೇಖನ ಯಾವುದೂ ಬಸ್‌ಸ್ಟ್ಯಾಂಡ್ ದಾಟಿ ಊರೊಳಗೆ ಬರುವುದಿಲ್ಲ. ಅಪ್ಪ ಈ ಪ್ರಶ್ನೆ ಕೇಳಿದವರಲ್ಲ. ಆದರೆ ನಾನು ಏನು ಮಾಡುತ್ತೇನೆ ಎಂದೂ ಕೇಳಿರಲಿಲ್ಲ. ಕಳೆದ ದಸರಾ ರಜೆಯಲ್ಲಿ ಕೊಟ್ಟಿಗೆಯಲ್ಲಿ ಕೂತು ಅವರಿಗೆ ನಾನಾಗಿಯೇ ಫೋನಿನಲ್ಲಿ ವಿಯೆನ್ನಾದ ಹುಡುಗಿಯನ್ನು ತೋರಿಸಿದೆ. ಕೀಸುಳಿ ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು ನೋಡಿದರು.

“ಬಟ್ಟೆ ಮೇಲೆ ಬರ್ದಿದ್ದಾ?”

“ಅಲ್ಲಪ್ಪ, ಹಲಗೆ ಮೇಲೆ. ಐನೂರು ವರ್ಷ ಆಯ್ತು.”

“ಯಾವ ಮರ?”

ಓಕ್ ಎಂದೆ. ಆ ಕಾಲದ ಹಲಗೆ ಚಿತ್ರವೊಂದರ ಹಿಂಬದಿಯ ಫೋಟೋ ನನ್ನ ಹತ್ತಿರ ಇತ್ತು, ಅದನ್ನೂ ತೋರಿಸಿದೆ. ಅಪ್ಪ ಅದನ್ನು ದೊಡ್ಡದು ಮಾಡಿಸಿಕೊಂಡು ಹುಡುಗಿಯ ಮುಖಕ್ಕಿಂತ ಹೆಚ್ಚು ಹೊತ್ತು ನೋಡಿದರು. “ಇದು ದಿಮ್ಮಿಯ ನಡುವಿಂದ ಅಂಚಿಗೆ ಸೀಳಿದ ಹಲಗೆ ಕಣೇ. ಮರ ಜಾಸ್ತಿ ಹಾಳಾಗ್ತದೆ, ಆದ್ರೆ ಬಾಗಲ್ಲ, ಬಿರಿಯಲ್ಲ. ಅದಕ್ಕೇ ಉಳ್ಕಂಡಿದೆ” ಎಂದರು.

ಅವರು ಹೇಳಿದ್ದು ಪುಸ್ತಕದಲ್ಲೂ ಇದೆ. ಆ ಕಾಲದ ನೆದರ್ಲೆಂಡಿನ ಹಲಗೆಗಳನ್ನು ಹಾಗೆಯೇ ಸೀಳುತ್ತಿದ್ದರು. ಪುಸ್ತಕದಲ್ಲಿರುವ ಇನ್ನೊಂದು ಸಂಗತಿಯನ್ನು ನಾನು ಅವರಿಗೆ ಹೇಳಿದೆ. ಹಲಗೆಯ ಬೆಳವಣಿಗೆಯ ಗೆರೆಗಳನ್ನು ಅಳೆದು ಮರ ಯಾವ ಸೀಮೆಯದು, ಯಾವ ಕಾಲದ್ದು ಎಂದು ಗುರುತಿಸುವ ವಿದ್ಯೆ ಇದೆ. ಅದರ ಪ್ರಕಾರ ಬ್ರೂಜ್‌ನಂಥ ನಗರಗಳ ಚಿತ್ರಕಾರರು ಬಳಸಿದ ಓಕ್ ಬಹುಪಾಲು ಬಾಲ್ಟಿಕ್ ಸೀಮೆಯಿಂದ ಹಡಗಿನಲ್ಲಿ ಬಂದದ್ದು. ಅಲ್ಲಿಯ ಚಳಿಯಲ್ಲಿ ಮರ ನಿಧಾನವಾಗಿ ಬೆಳೆಯುತ್ತದೆ, ಗೆರೆಗಳು ಒತ್ತೊತ್ತಾಗಿರುತ್ತವೆ. ಸಿಟ್ಟೋ ಹೋದ ಸಮುದ್ರದ ದಾರಿಯಲ್ಲೇ ಅವನ ಹಲಗೆಗಳ ಜಾತಿಯ ಮರವೂ ಹೋಗುತ್ತಿತ್ತು. ಅಪ್ಪನಿಗೆ ಇದು ಹಿಡಿಸಿತು.

ಆಮೇಲೆ ಗಿಲ್ಡಿನ ಕಥೆ ಹೇಳಿದೆ. ರಾಣಿಯ ಹತ್ತಿರ ಇದ್ದವನನ್ನು ಊರಿನವರು ಕೂಲಿಯವನ ಸಾಲಿನಲ್ಲಿ ನಿಲ್ಲಿಸಿದರು ನೋಡಿ ಎಂದು ಸ್ವಲ್ಪ ಸಿಟ್ಟಿನಿಂದಲೇ ಹೇಳಿದೆ. ಅವರು ನನ್ನ ಕಡೆ ಸೇರುತ್ತಾರೆ ಎಂದುಕೊಂಡಿದ್ದೆ. ಅಪ್ಪ ಕೀಸುಳಿಯ ಅಲಗನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡುತ್ತ, “ಅವ್ರು ಕೇಳಿದ್ರಲ್ಲಿ ತಪ್ಪೇನಿದೆ? ಅವನ ಕೆಲ್ಸ ಆ ಊರವ್ರು ಕಂಡಿರ್ಲಿಲ್ಲ. ಹೊರಗೆ ದೊಡ್ಡವ್ನು ಅಂತ ಬಾಯಲ್ಲಿ ಹೇಳಿದ್ರೆ ಆಯ್ತಾ? ಮಾಡಿ ತೋರ್ಸು ಅಂದ್ರು, ತೋರ್ಸಿದ. ಮೇಸ್ತ್ರಿ ಅಂದ್ರೆ ಅದೇ ಅಲ್ವಾ?” ಎಂದರು. ಸ್ವಲ್ಪ ಹೊತ್ತಾದ ಮೇಲೆ, “ನಿಂಗೂ ಹಂಗೇ ಏನೋ ಒಂದು ಮಾಡಿ ತೋರ್ಸೋದು ಇರ್ತದಲ್ಲ?” ಎಂದು ಕೇಳಿದರು.

ಇರುತ್ತದೆ. ಮಹಾಪ್ರಬಂಧ ಎನ್ನುವುದು ಅದನ್ನೇ. ‘ಯೂನಿವರ್ಸಿಟಿ’ ಎಂಬ ಮಾತಿನ ಮೂಲವಾದ ಲ್ಯಾಟಿನ್ ಪದ ಮಧ್ಯಯುಗದಲ್ಲಿ ಸಂಘ ಎಂಬ ಅರ್ಥದಲ್ಲೇ ಬಳಕೆಯಲ್ಲಿತ್ತು. ಓದಿಸುವವರ, ಓದುವವರ ಗಿಲ್ಡ್ ಅದು. ಪದವಿ ಎಂದರೆ ಆ ಗಿಲ್ಡಿನವರು ಒಪ್ಪಿ ಕೊಡುವ ಮೇಸ್ತ್ರಿತನ. ಗಿಲ್ಡುಗಳ ಬಗ್ಗೆ ಐದು ಅಧ್ಯಾಯ ಬರೆದ ನಾನು ಎರಡನೆಯ ಮೆಟ್ಟಿಲಲ್ಲಿ ನಿಂತಿದ್ದೇನೆ ಎಂದು ಅಪ್ಪನಿಗೆ ಹೇಳಿದೆ. ನನ್ನ ಕೆಲಸ ಏನು ಎಂದು ಅವರಿಗೆ ಅರ್ಥವಾಗುವಂತೆ ಹೇಳಲು ಆದದ್ದು ಅದೇ ಮೊದಲು.

ಅಪ್ಪನ ಮಾತಿನ ಮೇಲೆ ಸಿಟ್ಟೋನ ಮುಂದಿನ ಬದುಕನ್ನು ಮತ್ತೆ ಓದಿದೆ. ಅವನು ಊರಿಗೆ ಬಂದದ್ದು ಮನೆಗಾಗಿ. ಅಪ್ಪ ಕ್ಲಾವೆಸ್ ಕೂಡ ರೆವಾಲ್‌ನಲ್ಲಿ ಚಿತ್ರಕಾರ, ಮರದ ಕೆತ್ತನೆಗಾರ; ಮಗ ಊರು ಬಿಡುವ ಮೊದಲೇ ತೀರಿಕೊಂಡಿದ್ದ. ತಾಯಿ ಗಾಜಿನ ಕೆಲಸದ ಒಬ್ಬನನ್ನು ಮತ್ತೆ ಮದುವೆಯಾಗಿದ್ದಳು. ಅವಳೂ ಹೋದ ಮೇಲೆ ಮನೆ ಮಲತಂದೆಯ ಕೈಯಲ್ಲಿತ್ತು. ಊರಿನ ನ್ಯಾಯಸಭೆಯಲ್ಲಿ ಸಿಟ್ಟೋನಿಗೆ ನ್ಯಾಯ ಸಿಗಲಿಲ್ಲ. ರೆವಾಲ್ ಜರ್ಮನಿಯ ಲ್ಯೂಬೆಕ್ ನಗರದ ಕಾನೂನಿಗೆ ಒಳಪಟ್ಟ ಊರಾದ್ದರಿಂದ ಅವನು ಅಲ್ಲಿಗೆ ಮೇಲ್ಮನವಿ ಹೋಗಿ ಗೆದ್ದ. ಗೆದ್ದರೂ ಮನೆ ಕೈಗೆ ಬಂದದ್ದು 1518ರ ಸುಮಾರಿಗೆ, ಮಲತಂದೆ ತೀರಿಕೊಂಡ ಮೇಲೆ.

ನಡುವೆ ಆಸ್ಥಾನಗಳು ಅವನನ್ನು ಮತ್ತೆ ಕರೆದವು. 1514ರಲ್ಲಿ ಡೆನ್ಮಾರ್ಕಿನ ದೊರೆ ಎರಡನೆಯ ಕ್ರಿಶ್ಚಿಯನ್‌ನ ಭಾವಚಿತ್ರ ಬರೆಯಲು ಕೋಪನ್‌ಹೇಗನ್ನಿಗೆ ಹೋದ. ಕಾರಣ ಮತ್ತೆ ಮದುವೆ. ವಧು ಇಸಬೆಲ್ಲಾ, ಅವನ ಹಳೆಯ ಒಡತಿಯ ಮೊಮ್ಮಗಳು, ಅಜ್ಜಿಯದೇ ಹೆಸರು. ವರನಿಲ್ಲದೆ ಅವನ ಪ್ರತಿನಿಧಿಯೊಂದಿಗೆ ಬ್ರಸೆಲ್ಸಿನಲ್ಲಿ ಮದುವೆಯ ಶಾಸ್ತ್ರ ನಡೆದಾಗ ಅವಳಿಗೆ ಹದಿಮೂರು ತುಂಬಿರಲಿಲ್ಲ. ಅಲ್ಲಿಂದ ಸಿಟ್ಟೋ ಮಾರ್ಗರೆಟಳ ನೆದರ್ಲೆಂಡಿಗೆ, ಆಮೇಲೆ ಮತ್ತೆ ಸ್ಪೇನಿಗೆ ಹೋದ.

ಈ ಎರಡನೆಯ ಓಡಾಟದ ಕಾಲದ್ದು ಎನ್ನಲಾದ ಡಿಯೆಗೊ ದೆ ಗೆವಾರಾನ ಭಾವಚಿತ್ರ ವಾಷಿಂಗ್ಟನ್ನಿನಲ್ಲಿದೆ. ಬರ್ಗಂಡಿ ಮನೆತನದ ನಾಲ್ಕು ತಲೆಮಾರಿಗೆ ದುಡಿದ ಸ್ಪೇನಿನ ಗೃಹಸ್ಥ ಅವನು. ವಾನ್ ಐಕ್‌ನ ಪ್ರಸಿದ್ಧ ಆರ್ನೊಲ್ಫಿನಿ ದಂಪತಿಯ ಚಿತ್ರವನ್ನು ಮಾರ್ಗರೆಟಳಿಗೆ ಕೊಟ್ಟವನು. ತುಪ್ಪಳದ ಕಾಲರು, ದಣಿದ ಕಣ್ಣು, ಎದುರಿನ ಕಟ್ಟೆಗೆ ಹಾಸಿದ ಜಮಖಾನೆ. ಬರ್ಲಿನ್ನಿನಲ್ಲಿರುವ ಮೇರಿ ಮತ್ತು ಮಗುವಿನ ಚಿತ್ರದಲ್ಲೂ ಅಂಥದೇ ಜಮಖಾನೆ ಇದೆ. ಎರಡೂ ಒಂದು ಕಾಲಕ್ಕೆ ಜೋಡಿ ಹಲಗೆಗಳಾಗಿದ್ದವು ಎಂದು ವಿದ್ವಾಂಸರು ಹೇಳುತ್ತಾರೆ. ಆ ಮೇರಿಯ ಮುಖವನ್ನು ನೋಡಿದರೆ ಗುರುತು ಹತ್ತುತ್ತದೆ: ವಿಯೆನ್ನಾದ ಹುಡುಗಿಯದೇ ದುಂಡು ಮುಖ, ಅದೇ ತಗ್ಗಿದ ಕಣ್ಣು.

ಅವನು ಕೊನೆಗೆ ಊರಿಗೇ ಬಂದ. ತನ್ನ ಮನೆಯಲ್ಲಿ ಇದ್ದ. 1523ರಲ್ಲಿ ಅದೇ ಗಿಲ್ಡ್ ಅವನನ್ನು ತನ್ನ ಹಿರಿಯನನ್ನಾಗಿ ಆರಿಸಿತು. ಮರುವರ್ಷ, 1524ರ ಸೆಪ್ಟೆಂಬರಿನಲ್ಲಿ, ಮತಸುಧಾರಣೆಯ ಆವೇಶದಲ್ಲಿ ಜನ ರೆವಾಲ್‌ನ ಚರ್ಚುಗಳಿಗೆ ನುಗ್ಗಿ ಮೂರ್ತಿ, ಚಿತ್ರಗಳನ್ನು ಒಡೆದರು. ಸಂತ ನಿಕೋಲಸನ ಚರ್ಚೊಂದು ಪಾರಾಯಿತು. ಬೀಗಗಳಿಗೆ ಸೀಸ ಕಾಯಿಸಿ ಹೊಯ್ದು ಬಾಗಿಲು ಬಂದಾಗಿಸಿದ್ದರು ಎಂಬ ಕಥೆ ಇದೆ. ಬದುಕಿಡೀ ಮೇರಿ, ಕ್ರಿಸ್ತರನ್ನು ಬರೆದ ಗಿಲ್ಡಿನ ಹಿರಿಯ ಆಗ ಊರಿನಲ್ಲೇ ಇದ್ದ. 1525ರ ಚಳಿಗಾಲದಲ್ಲಿ ಪ್ಲೇಗು ಅವನನ್ನು ಒಯ್ದಿತು.

2018ರಲ್ಲಿ ವಾಷಿಂಗ್ಟನ್ ಮತ್ತು ತಾಲಿನ್‌ಗಳಲ್ಲಿ ಅವನೊಬ್ಬನ ಹೆಸರಿನಲ್ಲೇ ದೊಡ್ಡ ಪ್ರದರ್ಶನ ನಡೆಯಿತು. ಅದಕ್ಕೂ ಹಿಂದೆ, 1970ರಲ್ಲೇ, ಎಸ್ಟೋನಿಯಾದ ಕಾದಂಬರಿಕಾರ ಯಾನ್ ಕ್ರಾಸ್ ಗಿಲ್ಡಿನ ಆ ಪ್ರಸಂಗವನ್ನೇ ಹಿಡಿದು ಒಂದು ನೀಳ್ಗತೆ ಬರೆದಿದ್ದರು. ಈ ಪ್ರಸಂಗವನ್ನು ಓದುವವರು ಸಾಮಾನ್ಯವಾಗಿ ಅದನ್ನು ಅವಮಾನದ ಕಥೆಯಾಗಿ ಓದುತ್ತಾರೆ, ಸಣ್ಣ ಊರಿನ ಸಣ್ಣ ಮನಸ್ಸು ಎಂದು. ನಾನೂ ಹಾಗೆಯೇ ಓದುತ್ತಿದ್ದೆ. ಈಗ ನನ್ನ ನಾಲ್ಕನೆಯ ಅಧ್ಯಾಯದಲ್ಲಿ ಅದರ ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿದ್ದೇನೆ. ರಾಣಿ ಅವನಿಗೆ ಬೇರೆಲ್ಲರಿಗಿಂತ ಹೆಚ್ಚು ಸಂಬಳ ಕೊಟ್ಟಳು, ಅವಳು ಸತ್ತ ದಿನ ಆ ಆಸರೆ ಮುಗಿಯಿತು. ಊರು ಅವನಿಂದ ಪರೀಕ್ಷೆ ಕೇಳಿತು, ಒಂದು ಸಲ ಕೇಳಿ ಒಪ್ಪಿಕೊಂಡ ಮೇಲೆ ಸಾಯುವವರೆಗೆ ಇಟ್ಟುಕೊಂಡಿತು. ಮುಂದಿನ ತಿಂಗಳು ಈ ಅಧ್ಯಾಯವನ್ನು ನನ್ನ ಮಾರ್ಗದರ್ಶಕರ ಮುಂದೆ ಇಡಬೇಕು. ಅವರು ಏನು ಹೇಳುತ್ತಾರೋ ನೋಡೋಣ.